ಕೋಶದೊಳಗೆ ರೆಕ್ಕೆಗೆ ಬಣ್ಣ ಏರುವುದನ್ನು ನೋಡುವ ಬಗೆ

ರೆಕ್ಕೆಗೆ ಬಣ್ಣ ಏರುವುದನ್ನು ಕಣ್ಣಾರೆ ನೋಡಲು ನಮ್ಮ ಕಡೆ ನಾನು ಆರಿಸಿಕೊಂಡದ್ದು ಪ್ಲೇನ್ ಟೈಗರ್ ಚಿಟ್ಟೆ. ಕಾರವಾರ, ಅಂಕೋಲಾ, ಕುಮಟಾದ ಕಡಲದಂಡೆಯ ಮರಳಲ್ಲಿ ಎಕ್ಕೆಗಿಡಕ್ಕೆ ಬರವಿಲ್ಲ. ಎಕ್ಕೆ ಇದ್ದಲ್ಲಿ ಈ ಚಿಟ್ಟೆಯ ಮೊಟ್ಟೆಯೂ ಸಿಗುತ್ತದೆ. ಅದಕ್ಕಿಂತ ಮುಖ್ಯ, ಇದರ ಕೋಶದ (ಹುಳು ಚಿಟ್ಟೆಯಾಗುವ ನಡುವಿನ ಪ್ಯೂಪಾ ಹಂತದ) ಪೊರೆ ಕೊನೆಗೆ ಗಾಜಿನಂತೆ ತಿಳಿಯಾಗುತ್ತದೆ. ನಿಂಬೆ ಚಿಟ್ಟೆಯದು ಒರಟು ಪೊರೆ. ಒಳಗಿನದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ತರುವುದು ಮೊಟ್ಟೆಯನ್ನೇ, ಬೆಳೆದ ಹುಳುವನ್ನಲ್ಲ. ಬೆಳೆದ ಹುಳುವಿನೊಳಗೆ ಪರಾವಲಂಬಿ ನೊಣದ ಮರಿ ಸೇರಿಕೊಂಡಿರಬಹುದು. ಹಾಗಾದರೆ ವಾರಗಟ್ಟಲೆ ಸಾಕಿದ ಮೇಲೆ ಹೊರಬರುವುದು ಚಿಟ್ಟೆಯಲ್ಲ, ನೊಣದ ಮರಿ. ಎಲೆಯಡಿ ಒಂದೊಂದಾಗಿ ಅಂಟಿರುವ, ಉದ್ದ ಗೀರುಗಳ ಬಿಳಿ ಮೊಟ್ಟೆಯನ್ನು ಎಲೆ ಸಮೇತ ಕತ್ತರಿಸಿ ತನ್ನಿ. ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ಎಲೆ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಲೇಬೇಕು. ಒಂದು ಲೀಟರ್ ಡಬ್ಬಿಗೆ ಎರಡು ಹುಳು ಸಾಕು. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ, ತಳಕ್ಕೆ ಕಾಗದ ಹಾಸಿ, ಹಿಕ್ಕೆಯನ್ನು ದಿನವೂ ತೆಗೆಯಿರಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಹಿಕ್ಕೆಗೆ ಬೂಷ್ಟು ಬಂದು ಹುಳು ಮೆತ್ತಗಾಗಿ ಕರಗುತ್ತದೆ. ಶಿರಸಿ ಕಡೆಯವರು ಇನ್ನೊಂದು ನೋಡಿಕೊಳ್ಳಿ: ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧ) ಹೊಡೆದ ಅಡಿಕೆ ತೋಟದಂಚಿನ ಎಲೆ ಬೇಡ.

ಹುಳು ತಲೆಕೆಳಗಾಗಿ ಕೊಕ್ಕೆಯಂತೆ ನೇತುಬಿದ್ದರೆ ಮಾರನೆಯ ದಿನದ ಹೊತ್ತಿಗೆ ಕೋಶ. ಅದರ ಕೆಳಗೆ ಎಂಟು-ಹತ್ತು ಸೆಂಟಿಮೀಟರ್ ಖಾಲಿ ಜಾಗ ಇರಲಿ. ಕೋಶ ಉದುರಿದ್ದರೆ ತುದಿಯ ರೇಷ್ಮೆಗೆ ದಾರ ಕಟ್ಟಿ ಮತ್ತೆ ತೂಗುಹಾಕಿ. ನೇತಾಡಲು ಜಾಗವಿಲ್ಲದ ಚಿಟ್ಟೆಯ ರೆಕ್ಕೆ ಮುದುಡಿಕೊಂಡೇ ಗಟ್ಟಿಯಾಗುತ್ತದೆ.

ಬೆಚ್ಚಗಿನ ದಿನಗಳಲ್ಲಿ ಕೋಶ ಸುಮಾರು ಎಂಟು-ಒಂಬತ್ತು ದಿನದ್ದು, ಚಳಿಯಲ್ಲಿ ಹೆಚ್ಚು. ಹಸಿರು ಕೋಶ ಮಂಕಾಗತೊಡಗಿದ ರಾತ್ರಿ ನಿದ್ದೆ ಬಿಡಬೇಕು. ಹಿಂದೆ ಬಿಳಿ ಹಾಳೆ, ಪಕ್ಕದಿಂದ ಸಣ್ಣ ಎಲ್‌ಇಡಿ, ಮೊಬೈಲ್ ಸ್ಟ್ಯಾಂಡಿಗೆ, ಹತ್ತು ನಿಮಿಷಕ್ಕೊಂದು ಫೋಟೋ. ಕೋಶದ ಬದಿಯಲ್ಲಿ ಉಗುರಿನಷ್ಟು ಜಾಗದಲ್ಲಿ ಮುಂರೆಕ್ಕೆ ಪುಟ್ಟದಾಗಿ ಇರುತ್ತದೆ. ಮೊದಲು ಅದು ಮಾಸಲು ಬಿಳಿ. ಆಮೇಲೆ ತೆಳು ಕಿತ್ತಳೆ. ಅದು ಒಮ್ಮೊಕ್ರೋಮ್ ಎಂಬ ಬಣ್ಣದ್ರವ್ಯದ್ದು. ಕಪ್ಪು, ಅಂದರೆ ಮೆಲನಿನ್, ಕೊನೆಗೆ. ರೆಕ್ಕೆತುದಿ ಕಪ್ಪೇರುತ್ತ ಬಂದಂತೆ ಅದುವರೆಗೆ ಸುತ್ತಲ ಬಿಳಿಯಲ್ಲೇ ಬೆರೆತಿದ್ದ ಚುಕ್ಕೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಚುಕ್ಕೆಗೆ ಹೊಸದಾಗಿ ಬಿಳಿ ಬಂದದ್ದಲ್ಲ, ಸುತ್ತ ಕಪ್ಪು ತುಂಬಿದ್ದು. ಎಷ್ಟು ಸಲ ನೋಡಿದರೂ ನನಗೆ ಈ ಗಳಿಗೆ ಹಳೆಯದಾಗಿಲ್ಲ.

ಬಣ್ಣವೆಲ್ಲ ಇರುವುದು ಹುರುಪೆಗಳಲ್ಲಿ, ಅಂದರೆ ರೆಕ್ಕೆ ಮುಟ್ಟಿದರೆ ಪುಡಿಯಂತೆ ಕೈಗಂಟುವ ಚೂರುಗಳಲ್ಲಿ. ಸತ್ತ ಚಿಟ್ಟೆಯ ರೆಕ್ಕೆಗೆ ಸೆಲೋಟೇಪ್ ಒತ್ತಿ ತೆಗೆದು, 140 ಪಟ್ಟು ತೋರಿಸುವ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕದಲ್ಲಿ ನೋಡಿ. ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತಿದ್ದ ಹುರುಪೆಗಳು ಟೇಪಿಗೆ ಸಾಲಾಗಿ ಬಂದಿರುತ್ತವೆ. ಒಂದು ಹುರುಪೆ ಒಂದೇ ಜೀವಕೋಶ ಬೆಳೆದದ್ದು, ಸಾಮಾನ್ಯವಾಗಿ ಒಂದೇ ಬಣ್ಣದ್ದು.

ಆದರೆ ಯಾವ ಹುರುಪೆಗೆ ಯಾವ ಬಣ್ಣ ಎಂಬುದು ಆ ರಾತ್ರಿ ತೀರ್ಮಾನವಾಗುವುದಲ್ಲ. ಹುಳುವಿನ ಕೊನೆಯ ದಿನಗಳಲ್ಲಿ ಶುರುವಾಗಿ, ಕೋಶದ ಮೊದಲ ಒಂದೆರಡು ದಿನಗಳಲ್ಲಿ ಬಹುಪಾಲು ಮುಗಿದಿರುತ್ತದೆ. 1980ರಲ್ಲಿ ಅಮೆರಿಕದ ಫ್ರೆಡ್ ನೈಹೌಟ್ ನಮ್ಮ ಪ್ಯಾನ್ಸಿ ಚಿಟ್ಟೆಗಳ ಕುಲದ್ದೇ ಆದ ಬಕೈ ಚಿಟ್ಟೆಯ ಹೊಸ ಕೋಶದಲ್ಲಿ, ಕಣ್ಚುಕ್ಕೆಯ (ಕಣ್ಣಿನಂತೆ ಕಾಣುವ ಉಂಗುರದ ಚುಕ್ಕೆಯ) ನಡುವಾಗಬೇಕಿದ್ದ ಜೀವಕೋಶಗಳನ್ನು ಸುಟ್ಟರು. ಚುಕ್ಕೆ ಕಿರಿದಾಯಿತು ಅಥವಾ ಮೂಡಲೇ ಇಲ್ಲ. ಸುಡದೆ ಅಂಥ ಜೀವಕೋಶಗಳನ್ನೇ ರೆಕ್ಕೆಯ ಬೇರೆಡೆ ನೆಟ್ಟಾಗ ಅಲ್ಲಿ ಹೊಸ ಕಣ್ಚುಕ್ಕೆ ಬಂತು. ನಡುವಿನಿಂದ ಹೊರಟ ಸಂಕೇತ ಸುತ್ತ ಹರಡಿ ಉಂಗುರಗಳಾಗುತ್ತದೆ.

ಹಾಗಾಗಿ, ಚಿಟ್ಟೆ ಬರುವುದನ್ನು ತಡಮಾಡಲು ಹೊಸ ಕೋಶವನ್ನು ಫ್ರಿಜ್ಜಿನಲ್ಲಿಡುವುದು ತಪ್ಪು. ಸಾಯದೆ ಉಳಿದರೂ ವಿನ್ಯಾಸ ಕೆಡಬಹುದು. ಶೀತ, ಶೆಕೆಗೆ ವಿನ್ಯಾಸ ಬದಲಾಗುವುದು ನಮ್ಮ ಗದ್ದೆ ಹಾಳಿಯಲ್ಲೇ ಕಾಣುತ್ತದೆ: ಈವ್ನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ರೆಕ್ಕೆಯಡಿ ಸ್ಪಷ್ಟ ಕಣ್ಚುಕ್ಕೆ, ಮಳೆ ಕಳೆದ ಒಣದಿನಗಳ ಪೀಳಿಗೆಗೆ ಬರೀ ತರಗೆಲೆಯ ಬಣ್ಣ. ಇದರ ನಂಟ ಆಫ್ರಿಕಾದ ಬುಷ್ ಬ್ರೌನನ್ನು 27 ಡಿಗ್ರಿಯಲ್ಲಿ ಬೆಳೆಸಿದರೆ ದೊಡ್ಡ ಕಣ್ಣು, 20ರ ಕೆಳಗೆ ಚಿಕ್ಕದು. ಈವ್ನಿಂಗ್ ಬ್ರೌನ್ ಹುಳುವಿಗೆ ಭತ್ತದ ಗರಿ ಸಾಕು. ಸಾಕುವವರು ಕೊನೆಯ ಸಲ ಪೊರೆ ಬಿಟ್ಟ ಹುಳುವಿನಿಂದ ಹಿಡಿದು ಕೋಶದ ಎರಡನೆಯ ದಿನದವರೆಗೆ ಡಬ್ಬಿಯ ಪಕ್ಕ ಥರ್ಮಾಮೀಟರ್ ಇಟ್ಟು, ಬೆಳಿಗ್ಗೆ ಸಂಜೆ ಅಂಕಿ ಬರೆದಿಡಿ.