ಉರಿಯೂತದಿಂದ ಉಬ್ಬಿದ ಮಹಾಪಧಮನಿ: ಹೈಬ್ರಿಡ್ ಸರ್ಜರಿ ಮಾಡುವುದು ಹೇಗೆ?

ತೆರೆದ ಶಸ್ತ್ರಚಿಕಿತ್ಸೆ ಮತ್ತು ನಾಳದೊಳಗಿನಿಂದಲೇ ಸ್ಟೆಂಟ್ (ಜಾಲರಿ ಕೊಳವೆ) ಕೂರಿಸುವುದು, ಎರಡನ್ನೂ ಸೇರಿಸಿ ಮಾಡುವುದೇ ಹೈಬ್ರಿಡ್ ಸರ್ಜರಿ. ಟಕಯಾಸು, ಬೆಹ್ಚೆಟ್, ಜಯಂಟ್ ಸೆಲ್ ಆರ್ಟರೈಟಿಸ್‌ನಂಥ ರಕ್ತನಾಳದ ಉರಿಯೂತಗಳಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಯೋರ್ಟಾ) ಉಬ್ಬಿದಾಗ (ಅನ್ಯೂರಿಸಂ) ಸರ್ಜನ್‌ಗೆ ಹೆಚ್ಚು ಕಾಟ ಕೊಡುವುದು ಉಬ್ಬಲ್ಲ, ಅದರ ಆಚೀಚೆಯ ಗೋಡೆ. ನೋಡಲು ನೆಟ್ಟಗಿದ್ದರೂ ಅಲ್ಲಿಯೂ ರೋಗ ಇರಬಹುದು. ಹೊಲಿಗೆ ಬಿದ್ದಲ್ಲಿ, ಸ್ಟೆಂಟ್‌ನ ತುದಿ ಒತ್ತಿದಲ್ಲಿ ಮತ್ತೆ ಉಬ್ಬು ಏಳಬಹುದು.

ಹಾಗಾಗಿ ಮೊದಲ ಹೆಜ್ಜೆ ಔಷಧದ್ದು. ಒಡೆಯುವ ಭಯ ಇಲ್ಲದಿದ್ದರೆ, ಸ್ಟೀರಾಯ್ಡ್ ಮತ್ತಿತರ ಔಷಧಗಳಿಂದ ಉರಿಯೂತ ತಣಿಯುವವರೆಗೆ ಕಾಯಬೇಕು. ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಇಳಿದಿರಬೇಕು. ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಔಷಧ ಪಡೆಯುತ್ತಿರುವವರಲ್ಲಿ ಈ ಅಂಕಿಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಆ ಔಷಧ ಸಿಆರ್‌ಪಿಯನ್ನೇ ಅಡಗಿಸಿಬಿಡುತ್ತದೆ; ಸ್ಕ್ಯಾನ್ ನೋಡಿಯೇ ತೀರ್ಮಾನಿಸಬೇಕು. ಬಿಪಿಯನ್ನು ಎರಡೂ ಕೈ, ಎರಡೂ ಕಾಲಲ್ಲಿ ಅಳೆಯಿರಿ. ಟಕಯಾಸುವಿನಲ್ಲಿ ತೋಳಿನ ನಾಳ ಕಿರಿದಾಗಿದ್ದರೆ, ಅಲ್ಲಿ 100 ತೋರಿಸುವಾಗ ಒಳಗೆ 180 ಇರಬಹುದು.

ಮಹಾಪಧಮನಿಯ ಕಮಾನು (ಹೃದಯದಿಂದ ಮೇಲೇರಿ ಕೆಳಕ್ಕೆ ಬಾಗುವ ಭಾಗ) ಉಬ್ಬಿದೆ ಎನ್ನೋಣ. ಎದೆ ತೆರೆದು, ಸಿಸ್ಟಾಲಿಕ್ ಒತ್ತಡವನ್ನು 90–100ಕ್ಕೆ ಇಳಿಸಿ, ಮೇಲೇರುವ ಭಾಗಕ್ಕೆ ಪಕ್ಕದಿಂದ ಕ್ಲಾಂಪ್ ಹಾಕುತ್ತಾರೆ. ಅಲ್ಲಿ ಕವಲೊಡೆದ ಪಾಲಿಯೆಸ್ಟರ್ ಗ್ರಾಫ್ಟ್ (ಕೃತಕ ನಾಳ) ಹೊಲಿದು, ಮಿದುಳಿಗೂ ತೋಳಿಗೂ ಹೋಗುವ ನಾಳಗಳಿಗೆ ಬೈಪಾಸ್ ಕೊಟ್ಟು, ಅವುಗಳ ಹಳೆಯ ಬುಡ ಕಟ್ಟುತ್ತಾರೆ. ಎಡತೋಳಿನ ನಾಳವನ್ನು ಬಿಟ್ಟುಬಿಡುವ ಆಸೆ ಬರುತ್ತದೆ, ಬಿಡಬಾರದು. ಬೆನ್ನುಹುರಿಗೆ ರಕ್ತ ಅದರಿಂದಲೂ ಹೋಗುತ್ತದೆ. ಮೇಲೇರುವ ಭಾಗವೇ 40 ಮಿ.ಮೀ. ದಾಟಿದ್ದರೆ ಕ್ಲಾಂಪ್ ಹಾಕಿದ ಜಾಗ ಸೀಳುವ ಅಪಾಯ ಹೆಚ್ಚು. ಆಗ ಹಾರ್ಟ್-ಲಂಗ್ ಮಷಿನ್ ಮೇಲೆ ಅದನ್ನೇ ಬದಲಿಸುವುದು ಲೇಸು.

ಆಮೇಲೆ ತೊಡೆಸಂದಿಯ ನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಸ್ಟೆಂಟ್) ಒಯ್ದು ಉಬ್ಬಿನ ಒಳಗೆ ಕೂರಿಸುತ್ತಾರೆ. ಅದು ಕೂರಲು ಕನಿಷ್ಠ 20 ಮಿ.ಮೀ. ಒಳ್ಳೆಯ ಗೋಡೆ ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಸಾಮಾನ್ಯವಾಗಿ ನಾಳಕ್ಕಿಂತ ಶೇ 10–20 ದೊಡ್ಡ ಅಳತೆ ಆರಿಸುತ್ತಾರೆ. ಉರಿಯೂತದ ಗೋಡೆಗೆ ಶೇ 10ರ ಆಸುಪಾಸು ಸಾಕು, ಬಲೂನ್ ಉಬ್ಬಿಸಿ ಸ್ಟೆಂಟನ್ನು ಗೋಡೆಗೆ ಒತ್ತಲು ಹೋಗಬೇಡಿ. ಬೆಹ್ಚೆಟ್‌ನಲ್ಲಿ ಸೂಜಿ ಚುಚ್ಚಿದ ಜಾಗವೇ ಉಬ್ಬಿಕೊಳ್ಳಬಹುದಾದ್ದರಿಂದ, ತೊಡೆಸಂದಿಯ ನಾಳವನ್ನು ಕೊಯ್ದು ಬಿಡಿಸಿಟ್ಟುಕೊಂಡು ಕೊನೆಗೆ ಫೆಲ್ಟ್ (ದಪ್ಪ ಬಟ್ಟೆಯ ತುಣುಕು) ಆಸರೆ ಕೊಟ್ಟು ಹೊಲಿಯುವುದು ಕ್ಷೇಮ.

ಉದ್ದನೆಯ ಸ್ಟೆಂಟ್ ಹಾಕಿದವರಲ್ಲಿ ಬೆನ್ನುಹುರಿಗೆ ರಕ್ತ ಕಡಿಮೆಯಾಗದಂತೆ, ಅದರ ಸುತ್ತಲಿನ ದ್ರವ ಬಸಿಯಲು ನಳಿಕೆ ಇಡುತ್ತಾರೆ. ಗಂಟೆಗೆ 10–15 ಮಿ.ಲೀ. ಮೀರಿ ಬಸಿದರೆ ತಲೆಯೊಳಗೆ ರಕ್ತಸ್ರಾವವಾದೀತು. ಕಾಲಿನ ಬಲ ಕುಂದಿದರೆ ಸರಾಸರಿ ರಕ್ತದೊತ್ತಡವನ್ನು ತಕ್ಷಣ 90ರ ಮೇಲೇರಿಸಬೇಕು.

1, 6, 12ನೇ ತಿಂಗಳಲ್ಲಿ, ನಂತರ ವರ್ಷಕ್ಕೊಮ್ಮೆ ಸಿಟಿ. ಉರಿಯೂತದ ಔಷಧ ನಿಲ್ಲಿಸುವಂತಿಲ್ಲ. ಮಧ್ಯೆ ಜ್ವರ ಬಂದು ಸಿಆರ್‌ಪಿ ಏರಿದರೆ ರೋಗ ಕೆರಳಿರಬಹುದು, ಗ್ರಾಫ್ಟ್‌ಗೆ ಸೋಂಕೂ ತಗುಲಿರಬಹುದು. ಸ್ಟೀರಾಯ್ಡ್ ಹೆಚ್ಚಿಸುವ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ಸೋಂಕು ಹುಡುಕುವ ಪರೀಕ್ಷೆ) ಕಳಿಸಿ.