ಅಜ್ಜಿ ಕೈಗೆ ತಿರುಗದ ನಲ್ಲಿ, ಸರಿ ಮಾಡಿದ್ದು ಹೀಗೆ (ನನ್ನ ಅನುಭವ)

ಕೀಲುನೋವಿರೋ ಅಜ್ಜಿಗೆ ದುಂಡನೆ ಹಿಡಿಯ ನಲ್ಲಿ ಪೂರ್ತಿ ಮುಚ್ಚೋಕೆ ಆಗ್ತಿರ್ಲಿಲ್ಲ, ಸದಾ ತೊಟ್ಟಿಕ್ತಾ ಇತ್ತು, ಮನೇಲಿ ಎಲ್ರೂ ವಾಷರ್ ಹೋಗಿದೆ ಅಂದ್ರು. ಬಿಚ್ಚಿ ನೋಡಿದ್ರೆ ವಾಷರ್ ಚೆನ್ನಾಗೇ ಇತ್ತು. ಆಗ ಬೇಕಾಗಿರೋದೇನು ಅಂತ ಒಂದೇ ಸಾಲಲ್ಲಿ ಬರ್ಕೊಂಡೆ: ಬೆರಳಲ್ಲಿ ಬಿಗಿಯಾಗಿ ಹಿಡೀದೆ, ಮಣಿಕಟ್ಟು ತಿರುಚದೆ ನಲ್ಲಿ ತೆಗೆದು ಮುಚ್ಚೋ ಹಾಗಿರ್ಬೇಕು. ಡಿಸೈನ್ ಪ್ರೊಸೆಸ್‌ನಲ್ಲಿ ನನ್ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಅಮೆರಿಕದ 2010ರ ಎಡಿಎ (ಅಂಗವಿಕಲರ ಹಕ್ಕಿನ ಕಾನೂನು) ಮಾನದಂಡದಲ್ಲೂ ಹೆಚ್ಚುಕಮ್ಮಿ ಇದೇ ಮಾತಿದೆ, ಒಂದೇ ಕೈಲಿ ಆಗ್ಬೇಕು, ಬಲ 22.2 ನ್ಯೂಟನ್ (ಹತ್ತಿರ ಹತ್ತಿರ ಎರಡೂಕಾಲು ಕಿಲೋ ತೂಕದಷ್ಟು) ಮೀರಬಾರ್ದು ಅಂತ.

ಟಾರ್ಕ್, ಅಂದ್ರೆ ತಿರುಗಿಸೋ ಸಾಮರ್ಥ್ಯ, ಬಲ ಗುಣಿಸು ದೂರ, ಹಾಗಾಗಿ 2.5 ಸೆಂ.ಮೀ. ತ್ರಿಜ್ಯದ ಹಿಡಿ ಬದ್ಲು 10 ಸೆಂ.ಮೀ. ಲಿವರ್ (ಉದ್ದನೆ ಹಿಡಿ) ಹಾಕಿದ್ರೆ ಕಾಲು ಭಾಗ ಬಲ ಸಾಕು, ಅದೂ ಅಂಗೈಯಿಂದ ತಳ್ಳಿದ್ರೆ ಆಯ್ತು. ಆದ್ರೆ ಹಳೇ ಸ್ಕ್ರೂ ನಲ್ಲಿ ಸುತ್ತು ಸುತ್ತು ತಿರುಗ್ಬೇಕು, ಅದಕ್ಕೆ ಲಿವರ್ ಹೊಂದಲ್ಲ, ಜೊತೆಗೆ ಜೋರಾಗಿ ಬಿಗಿದ್ರೆ ವಾಷರ್ ಜಜ್ಜಿಹೋಗುತ್ತೆ. ಅದಕ್ಕೇ ಒಳಗಿನ ಸ್ಪಿಂಡಲ್ (ಹಿಡಿ ಜೊತೆ ತಿರುಗಿ ನೀರು ಬಿಡೋ, ನಿಲ್ಲಿಸೋ ಭಾಗ) ತೆಗ್ದು, ಕಾಲು ಸುತ್ತಲ್ಲೇ ತೆರೆಯೋ ಸೆರಾಮಿಕ್ ಡಿಸ್ಕ್ (ಪಿಂಗಾಣಿ ಬಿಲ್ಲೆ) ಇರೋ ಸ್ಪಿಂಡಲ್ ಹಾಕ್ದೆ (ಮೇನ್ ವಾಲ್ವ್ ಮುಚ್ಚಿ, ಹಳೇ ಸ್ಪಿಂಡಲ್‌ನ ಹಲ್ಲಿನ ಅಳತೆ ನೋಡ್ಕೊಂಡೇ ತರ್ಬೇಕು).

ಲಿವರ್ ಮೊದ್ಲು ದಪ್ಪ ರಟ್ಟಲ್ಲಿ ಕತ್ತರಿಸಿ ಅಜ್ಜಿ ಕೈಗೇ ಕೊಟ್ಟೆ. "ಗೋಡೆಗೆ ಬೆರಳು ತಾಗುತ್ತೆ ಕಣೋ, ಈಚೆ ಬಗ್ಸು" ಅಂದ್ರು, ಬಗ್ಗಿಸ್ದೆ, ಆಮೇಲೆ ತುದಿ ಜಾರುತ್ತೆ ಅಂದ್ರು, ರಬ್ಬರ್ ಸುತ್ತಿದೆ, ಕೊನೆಗೆ ಆ ಆಕಾರಕ್ಕೆ ಹೊಂದೋ ಲೋಹದ ಲಿವರ್ ತಂದು ಕೂರಿಸ್ದೆ. ಈಗ ತೊಟ್ಟಿಕ್ಕೋದು ನಿಂತಿದೆ, ಅಜ್ಜಿ ಮುಖ ತೊಳೆಯೋಕೆ ಯಾರನ್ನೂ ಕರೆಯಲ್ಲ. ಸ್ನಾನದ ಮನೆ ನಲ್ಲಿಗೂ ಹೀಗೇ ಮಾಡ್ತಿದೀನಿ, ಅಲ್ಲಿ ಕೈ ಒದ್ದೆ ಇರೋದ್ರಿಂದ ಲಿವರ್ ಸ್ವಲ್ಪ ಅಗಲ ಬೇಕು.