'ಆಶ್ರಯದಲ್ಲಿ' ಅಂತ ಬರೆಯುವ ಮುಂಚೆ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಕಥೆ, ಕಾದಂಬರಿ ಅಲ್ಲ. ಆಮಂತ್ರಣ ಪತ್ರಿಕೆ, ಪತ್ರಿಕಾ ಪ್ರಕಟಣೆ, ಅಡಿಗಲ್ಲಿನ ಫಲಕ, ಸಂಘ ಸಂಸ್ಥೆಗಳ ವಾರ್ಷಿಕ ವರದಿ, ಇಂಥವು. ಈ ಕಾಗದಗಳಲ್ಲಿ ತಿರುಗಿ ತಿರುಗಿ ಎದುರಾಗುವ ಒಂದು ಮಾತು 'ಅಂಡರ್ ದಿ ಆಸ್ಪಿಸಸ್ ಆಫ್'. ಇದಕ್ಕೆ ಥಟ್ಟನೆ ಕೈಗೆ ಸಿಗುವ ಕನ್ನಡ 'ಆಶ್ರಯದಲ್ಲಿ'. ಇಬ್ಬರು ಮೂವರು ಸೇರಿದ್ದರೆ 'ಸಂಯುಕ್ತ ಆಶ್ರಯದಲ್ಲಿ'. ಅದೇ ಮನೆತನದ 'ಆಸ್ಪಿಶಸ್' ಬಂದರೆ 'ಶುಭ' ಅಂತಲೋ 'ಮಂಗಳಕರ' ಅಂತಲೋ ಬರೆದು ಮುಂದೆ ಹೋಗುತ್ತೇವೆ.

ಎರಡಕ್ಕೂ ಬೇರು ಒಂದೇ. ಒಂದರಲ್ಲಿ ಆಸರೆ, ಇನ್ನೊಂದರಲ್ಲಿ ಶಕುನ. ಇವೆರಡು ಎಲ್ಲಿ ಕೂಡಿಕೊಂಡವು ಅಂತ ತಿಳಿಯದೆ ಸುಮ್ನೆ ಬರೆಯುತ್ತಾ ಹೋಗಲು ನನಗೆ ಮನಸ್ಸು ಬರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ರೋಮಿನ ಇತಿಹಾಸ ಓದತೊಡಗಿದೆ. ಇವತ್ತು ಈ ಪದಕ್ಕೆ ನಾನು ಕನ್ನಡ ಆರಿಸುವ ರೀತಿ ಆ ಓದಿನಿಂದ ಬಂದದ್ದು.

ಲ್ಯಾಟಿನ್‌ನಲ್ಲಿ ಮೂಲ ಪದ 'ಔಸ್ಪಿಕಿಯುಮ್'. 'ಅವಿಸ್' ಅಂದರೆ ಹಕ್ಕಿ, 'ಸ್ಪೆಕೆರೆ' ಅಂದರೆ ನೋಡು. ಹಕ್ಕಿ ನೋಡುವುದು, ಅಷ್ಟೇ. ಸಂಸ್ಕೃತದಲ್ಲಿ ಹಕ್ಕಿಗೆ ಇರುವ 'ವಿ' ಮತ್ತು ನೋಡುವುದಕ್ಕೆ ಇರುವ 'ಪಶ್ಯತಿ' ಇವುಗಳ ದೂರದ ನೆಂಟರು. ರೋಮನ್ನರು ಶಕುನದ ಹಕ್ಕಿಗಳನ್ನು ಎರಡು ಗುಂಪು ಮಾಡಿದ್ದರು. ಕೂಗಿನಿಂದ ಹೇಳುವವು ಒಂದು ಗುಂಪು: ಕಾಗೆ, ಗೂಬೆ. ಹಾರಾಟದಿಂದ ಹೇಳುವವು ಇನ್ನೊಂದು: ಹದ್ದು, ರಣಹದ್ದು. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಲೆಕ್ಕವೇ ನೆನಪಾಯಿತು. ಬುಡಬುಡಿಕೆಯವರು ಬೆಳಗಿನ ಜಾವ ಬಂದು 'ಹಾಲಕ್ಕಿ ನುಡೀತೈತೆ' ಅನ್ನುತ್ತಾರೆ. ಅದು ಕೂಗಿನ ಶಕುನ. ಎಷ್ಟೋ ಊರುಗಳಲ್ಲಿ ಗರುಡ ಬಂದು ತೇರಿನ ಮೇಲೆ ಸುತ್ತು ಹಾಕಲಿ ಅಂತ ಜನ ಮುಗಿಲು ನೋಡುತ್ತಾ ನಿಲ್ಲುತ್ತಾರೆ. ಅದು ಹಾರಾಟದ ಶಕುನ. ನಮ್ಮ 'ಶಕುನ' ಪದಕ್ಕೂ ಸಂಸ್ಕೃತದಲ್ಲಿ ಹಕ್ಕಿ ಅನ್ನುವ ಅರ್ಥ ಇದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಆದರೆ ಹಕ್ಕಿ ನೋಡುವುದು ಹೋಗಿ ಆಶ್ರಯ ಕೊಡುವುದು ಹೇಗಾಯಿತು? ಉತ್ತರ ಇರುವುದು ಯಾರು ನೋಡಬಹುದು ಅನ್ನುವುದರಲ್ಲಿ. ರೋಮಿನಲ್ಲಿ ರಾಜ್ಯದ ಪರವಾಗಿ ಶಕುನ ಕೇಳುವುದು ಯಾರೆಂದರೆ ಅವರು ಮಾಡುವ ಕೆಲಸ ಆಗಿರಲಿಲ್ಲ. ಅಧಿಕಾರದಲ್ಲಿ ಇರುವವನಿಗೆ, ಕಾನ್ಸಲ್ (ರಾಜ್ಯದ ಅತಿ ದೊಡ್ಡ ಅಧಿಕಾರಿ) ಅಥವಾ ಪ್ರೇಟರ್ (ಅವನಿಗಿಂತ ಒಂದು ಮೆಟ್ಟಿಲು ಕೆಳಗಿನವನು) ಅಂಥವನಿಗೆ, ಮಾತ್ರ ಆ ಹಕ್ಕು. 'ಔಗುರ್' ಅನ್ನುವ ಶಕುನಶಾಸ್ತ್ರದ ಪಂಡಿತರು ಇದ್ದರು, ನಿಜ. ಅವರು ನಿಯಮ ಹೇಳುವವರು. ದೇವರನ್ನು ಕೇಳುವವನು ಅಧಿಕಾರಿ. ಸೇನೆ ಹೊರಟರೆ ಶಕುನ ಕೇಳಿದವನು ದಂಡನಾಯಕ. ಅವನ ಕೈಕೆಳಗಿನವರು ಎಷ್ಟು ದೂರ ಹೋಗಿ ಕಾದಿದರೂ ಅವನ ಶಕುನದ ಕೆಳಗೆ ಕಾದಿದ ಹಾಗೆ. ಗೆದ್ದರೆ ಗೆಲುವು ಅವನ ಲೆಕ್ಕಕ್ಕೆ, ಸೋತರೆ ಹೊಣೆಯೂ ಅವನದೇ.

ಹೊಣೆಗೆ ಒಂದು ಉದಾಹರಣೆ ಕ್ರಿ.ಪೂ. 249ರದ್ದು. ಸಿಸಿಲಿ ದ್ವೀಪದ ಡ್ರೆಪಾನಾ ಹತ್ತಿರ, ರೋಮಿನ ಎದುರಾಳಿಗಳಾದ ಉತ್ತರ ಆಫ್ರಿಕಾದ ಕಾರ್ತೇಜಿನವರ ಮೇಲೆ ಸಮುದ್ರ ಕಾಳಗ. ಹಡಗಿನಲ್ಲಿ ಶಕುನಕ್ಕೆ ಅಂತ ಕೋಳಿಗಳನ್ನು ಒಯ್ಯುತ್ತಿದ್ದರು. ಕಾಳು ಹಾಕಿದಾಗ ಗಬಗಬ ತಿಂದು, ಕಾಳು ಕೊಕ್ಕಿನಿಂದ ಕೆಳಗೆ ಬಿದ್ದರೆ ಒಳ್ಳೆಯ ಶಕುನ. ಅವತ್ತು ಕೋಳಿ ತಿನ್ನಲಿಲ್ಲ. ಕಾನ್ಸಲ್ ಕ್ಲಾಡಿಯಸ್ ಪುಲ್ಕರ್ ಸಿಟ್ಟಿಗೆದ್ದು, ತಿನ್ನದಿದ್ದರೆ ಕುಡಿಯಲಿ ಅಂತ ಅವನ್ನು ಸಮುದ್ರಕ್ಕೆ ಎಸೆಸಿದ ಅನ್ನುವುದು ಹೆಸರುವಾಸಿ ಕಥೆ. ಸೋತ. ರೋಮಿಗೆ ಬಂದ ಮೇಲೆ ವಿಚಾರಣೆ ನಡೆದು ದಂಡ ತೆತ್ತ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇದಲ್ಲ, ಎಂಟು ವರ್ಷದ ನಂತರದ ಒಂದು ಜಗಳ. ಕ್ರಿ.ಪೂ. 241ರಲ್ಲಿ ಏಗೇಟ್ಸ್ ದ್ವೀಪಗಳ ಹತ್ತಿರ ರೋಮನ್ನರು ಗೆದ್ದರು. ಕಾರ್ತೇಜಿನ ಜೊತೆಗಿನ ಮೊದಲನೇ ಯುದ್ಧ, ಅಂದರೆ ಮೊದಲನೇ ಪ್ಯೂನಿಕ್ ಯುದ್ಧ, ಅದರಿಂದಲೇ ಮುಗಿಯಿತು. ಕಾನ್ಸಲ್ ಲುಟೇಷಿಯಸ್ ಕಟುಲಸ್. ಅವನ ಕೈಕೆಳಗೆ ಪ್ರೇಟರ್ ವಲೇರಿಯಸ್ ಫಾಲ್ಟೊ. ವಿಜಯೋತ್ಸವದ ಮೆರವಣಿಗೆ ತನಗೂ ಬೇಕು ಅಂತ ಫಾಲ್ಟೊ ಪಟ್ಟು ಹಿಡಿದ. ಕಾಳಗದ ದಿನ ಕಾನ್ಸಲ್ ಕಾಲು ಪೆಟ್ಟಾಗಿ ಪಲ್ಲಕ್ಕಿಯಲ್ಲಿ ಮಲಗಿದ್ದ, ದಂಡನಾಯಕನ ಕೆಲಸವೆಲ್ಲ ಮಾಡಿದವನು ನಾನು ಅನ್ನುವುದು ಅವನ ವಾದ. ತೀರ್ಪು ಹೇಳಲು ಅಟಿಲಿಯಸ್ ಕಲಟಿನಸ್ ಅನ್ನುವವನನ್ನು ಕೂರಿಸಿದರು. ವಲೇರಿಯಸ್ ಮ್ಯಾಕ್ಸಿಮಸ್ ಅನ್ನುವ ರೋಮನ್ ಲೇಖಕ ಬರೆದಿಟ್ಟ ಪ್ರಕಾರ ಕಲಟಿನಸ್ ಯಾರು ಎಷ್ಟು ಕಾದಿದರು ಅಂತ ವಿಚಾರಿಸಲೇ ಇಲ್ಲ. ಫಾಲ್ಟೊನನ್ನು ಎರಡು ವಿಷಯ ಕೇಳಿದ. ಯುದ್ಧ ಮಾಡಬೇಕೋ ಬೇಡವೋ ಅಂತ ನಿಮ್ಮಿಬ್ಬರಲ್ಲಿ ಭೇದ ಬಂದಿದ್ದರೆ ಯಾರ ಆಜ್ಞೆ ನಡೆಯುತ್ತಿತ್ತು? ಕಾನ್ಸಲ್‌ನದು. ನಿಮ್ಮಿಬ್ಬರ ಶಕುನ ಬೇರೆ ಬೇರೆ ಆಗಿದ್ದರೆ ಯಾರದು ನಿಲ್ಲುತ್ತಿತ್ತು? ಅದೂ ಕಾನ್ಸಲ್‌ನದೇ. ಹಾಗಾದರೆ ಈ ವಾದದಲ್ಲಿ ಕಟುಲಸ್ ಗೆದ್ದ ಅಂತ ತೀರ್ಪಾಯಿತು.

ಇದು ನನಗೆ ತುಂಬಾ ಹಿಡಿಸಿತು. ಫಾಲ್ಟೊ ಮಾಡಿದ ಕೆಲಸವನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ 'ಬೇಡ' ಅನ್ನುವ ಹಕ್ಕು ಯಾರ ಕೈಯಲ್ಲಿತ್ತೋ ಕಾರ್ಯ ಅವನ ಹೆಸರಿನಲ್ಲಿ ನಡೆಯಿತು ಅಂತ ಲೆಕ್ಕ. ಶಕುನ ಅನ್ನುವ ಅರ್ಥ ಯಾಜಮಾನ್ಯದ ಕಡೆ ವಾಲಿದ್ದು ಇಂಥ ಕಡೆಯೇ.

ಮುಂದೆ ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ಈ ಅರ್ಥ ಗಟ್ಟಿಯಾಯಿತು. ಅವನು ತನ್ನ ಸಾಧನೆಗಳನ್ನು ಬರೆಸಿದ ಶಾಸನದ ಪ್ರತಿ ಟರ್ಕಿಯ ಅಂಕಾರಾದಲ್ಲಿ ಗುಡಿಯ ಗೋಡೆಯ ಮೇಲೆ ಇದೆ, ಲ್ಯಾಟಿನ್ ಮತ್ತು ಗ್ರೀಕ್ ಎರಡರಲ್ಲೂ. ಅದರಲ್ಲಿ ಒಂದು ಕಡೆ 'ನನ್ನ ಆಜ್ಞೆಯಿಂದ, ನನ್ನ ಶಕುನದ ಕೆಳಗೆ' ಇಥಿಯೋಪಿಯಕ್ಕೂ ಅರೇಬಿಯಕ್ಕೂ ಎರಡು ಸೇನೆ ಹೋದವು ಅಂತಿದೆ. ಅವನು ಹೋಗಿರಲಿಲ್ಲ. ಅರೇಬಿಯಕ್ಕೆ ಹೋದವನು ಏಲಿಯಸ್ ಗಾಲಸ್, ಇಥಿಯೋಪಿಯಕ್ಕೆ ಪೆಟ್ರೋನಿಯಸ್. ಈ ಸಾಲಿಗೆ ಬಂದಾಗ ನಾನು ಗ್ರೀಕ್ ಅನುವಾದದ ಅರ್ಥವನ್ನು ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ 'ನನ್ನ ಆಜ್ಞೆಯಿಂದ, ಒಳ್ಳೆಯ ಹಕ್ಕಿಗಳೊಂದಿಗೆ' ಅಂತಿದೆ! ಎರಡು ಸಾವಿರ ವರ್ಷದ ಹಿಂದಿನ ಆ ಅನುವಾದಕರಿಗೂ ಇದೇ ಪದ ತೊಡಕಾಗಿತ್ತು ಅಲ್ವಾ? ಅವರು ಹಕ್ಕಿಯನ್ನು ಉಳಿಸಿಕೊಂಡರು. 'ನನ್ನ' ಅನ್ನುವುದು ಬಿಟ್ಟುಹೋಯಿತು. ಶುಭ ಉಳಿಯಿತು, ಯಾಜಮಾನ್ಯ ಜಾರಿತು. ಇಂಗ್ಲಿಷ್ ಇವೆರಡಕ್ಕೆ ಎರಡು ಪದ ಮಾಡಿಕೊಂಡಿದೆ. ಹೆಸರಿಲ್ಲದ ಆ ಗ್ರೀಕ್ ಅನುವಾದಕರ ಮೇಲೆ ನನಗೆ ತುಂಬಾ ಅಕ್ಕರೆ.

ನಮ್ಮಲ್ಲಿ ಇಂಥ ಮಾತು ಇಲ್ಲವೇ ಅಂದರೆ, ಇದೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನ ಯಾವುದನ್ನಾದರೂ ತೆಗೆಯಿರಿ. ಮೊದಲು ಚಕ್ರವರ್ತಿಯ ಬಿರುದುಗಳು. ಅವನ ರಾಜ್ಯ ಸೂರ್ಯ ಚಂದ್ರ ಇರುವ ತನಕ ನಡೆಯುತ್ತಿರಲು ಅಂತ ಒಂದು ಮಾತು. ಆಮೇಲೆ 'ತತ್ಪಾದಪದ್ಮೋಪಜೀವಿ', ಅಂದರೆ ಅವನ ಪಾದಕಮಲವನ್ನು ನಂಬಿ ಬದುಕುವವನು, ಅಂತ ಸಾಮಂತನೋ ದಂಡನಾಯಕನೋ ಬರುತ್ತಾನೆ. ಕೆರೆ ಕಟ್ಟಿಸಿದ್ದು, ದತ್ತಿ ಬಿಟ್ಟದ್ದು ಎಷ್ಟೋ ಸಲ ಇವನು. ಆದರೂ ಹೇಳುವ ಕ್ರಮ ಅದೇ: ಯಾರ ಆಳ್ವಿಕೆಯಲ್ಲಿ ನಡೆಯಿತು ಅನ್ನುವುದು ಮೊದಲು, ಯಾರು ಮಾಡಿದರು ಅನ್ನುವುದು ಆಮೇಲೆ. ಆಮಂತ್ರಣ ಪತ್ರಿಕೆಯ ತಲೆಯಲ್ಲಿ ಹೆಸರುಗಳನ್ನು ಕೂರಿಸುವಾಗ ನಾನು ಈ ಕ್ರಮವನ್ನು ನೆನಪಿಟ್ಟುಕೊಳ್ಳುತ್ತೇನೆ.

'ಆಶ್ರಯ' ಅನ್ನುವುದರ ಕಷ್ಟ ಬೇರೆ. ಕನ್ನಡದಲ್ಲಿ ಅದಕ್ಕೆ ಮೊದಲಿನಿಂದ ಸೂರು, ಅನ್ನ, ರಕ್ಷಣೆಯ ವಾಸನೆ ಇದೆ. ಪಂಪನಿಗೆ ಅರಿಕೇಸರಿ ಕೊಟ್ಟದ್ದು ರಾಜಾಶ್ರಯ. ಧರ್ಮಪುರ ಅನ್ನುವ ಅಗ್ರಹಾರವನ್ನೇ ಕೊಟ್ಟ. ಬಡವರಿಗೆ ಸರ್ಕಾರ ಕಟ್ಟಿಸಿದ್ದು ಆಶ್ರಯ ಮನೆ. ಮನೆಮಠ ಕಳೆದುಕೊಂಡವರು ನಿರಾಶ್ರಿತರು. ಮಹಾಭಾರತದಲ್ಲಿ ಕಾಡಿನಲ್ಲಿ ಬಿಟ್ಟುಹೋದ ಕೂಸನ್ನು ಶಕುಂತಗಳು, ಅಂದರೆ ಹಕ್ಕಿಗಳು, ಕಾಪಾಡಿದವು ಅಂತ ಕಣ್ವರು ಅದಕ್ಕೆ ಶಕುಂತಲೆ ಅಂತ ಹೆಸರಿಟ್ಟರು. ಹಕ್ಕಿ ನಿಜಕ್ಕೂ ಆಶ್ರಯ ಕೊಟ್ಟ ಕಥೆ ಅಂದರೆ ಇದು. ರೋಮಿನ ಪದದಲ್ಲಿ ಈ ಕರುಣೆ ಇಲ್ಲ. ಅಲ್ಲಿರುವುದು ಅಧಿಕಾರ ಮತ್ತು ಹೊಣೆ.

ಹೀಗಾಗಿ ಕಾಗದ ಬಂದ ಕೂಡಲೇ ಕಲಟಿನಸ್ ಕೇಳಿದ್ದನ್ನೇ ನಾನೂ ಕೇಳುತ್ತೇನೆ. ಕಳಿಸಿದವರಿಗೆ ಫೋನ್ ಮಾಡಿ, 'ಸರ್, ಈ ಕಾರ್ಯಕ್ರಮ ಬೇಡ ಅಂತ ನಿಲ್ಲಿಸಬೇಕಾದರೆ ಯಾರು ನಿಲ್ಲಿಸಬಹುದು?' ಅಂತ ವಿಚಾರಿಸುತ್ತೇನೆ. ಮೊದಮೊದಲು ಅವರಿಗೆ ಗಾಬರಿ ಆಗುತ್ತದೆ. ಕಾರಣ ಹೇಳಿದರೆ ಖುಷಿಯಿಂದ ಉತ್ತರ ಕೊಡುತ್ತಾರೆ. ನಿಲ್ಲಿಸುವ ಹಕ್ಕು ಇರುವವರ ಹೆಸರಿಗೆ ಮಾತ್ರ 'ಆಶ್ರಯದಲ್ಲಿ' ಸೇರಿಸುತ್ತೇನೆ, ಅದೂ ಸಾಹಿತ್ಯ, ಸಂಗೀತ, ಶಾಲೆಯ ಕಾರ್ಯಕ್ರಮಗಳಲ್ಲಿ. ಅಲ್ಲಿ ಆ ಪದ ರೂಢಿಯಾಗಿ ಕೂತುಬಿಟ್ಟಿದೆ, ಓದುವವರಿಗೆ ಎಲ್ಲೂ ಎಡವಿದ ಹಾಗೆ ಆಗುವುದಿಲ್ಲ. ದುಡ್ಡು ಕೊಟ್ಟವರಿಗೆ 'ಪ್ರಾಯೋಜಕರು' ಸಾಕು. ಜಾಗ, ಜನ ಒದಗಿಸಿದವರಿಗೆ 'ಸಹಯೋಗ'. ಸ್ವಾಮೀಜಿ ಬಂದು ಕೂರುತ್ತಾರೆ ಅಂದರೆ 'ಸಾನ್ನಿಧ್ಯ'. ಈ ಪದಗಳೆಲ್ಲ ನಮ್ಮಲ್ಲಿ ಇದ್ದೂ ಎಲ್ಲರನ್ನೂ 'ಸಂಯುಕ್ತ ಆಶ್ರಯ'ಕ್ಕೆ ತುಂಬುವುದು ನನಗೆ ಸರಿ ಕಾಣುವುದಿಲ್ಲ. ಕೆಲಸ ಮಾಡಿದವರಿಗೂ ಅದರಿಂದ ನ್ಯಾಯ ಸಿಗುವುದಿಲ್ಲ.

ರಾಜಕೀಯದ ಕಾಗದಗಳಲ್ಲಿ ಮಾತ್ರ 'ಆಶ್ರಯ' ಬಳಸುವುದೇ ಇಲ್ಲ. ಭಾರತ, ಪಾಕಿಸ್ತಾನದ ಸೇನಾ ಪ್ರತಿನಿಧಿಗಳು 1949ರ ಜುಲೈನಲ್ಲಿ ಕರಾಚಿಯಲ್ಲಿ ಕೂತು ಕಾಶ್ಮೀರದ ಕದನ ವಿರಾಮ ರೇಖೆ ಒಪ್ಪಿಕೊಂಡ ಪತ್ರದಲ್ಲಿ ಇದೇ 'ಆಸ್ಪಿಸಸ್' ಇದೆ. ಸಭೆ ನಡೆದದ್ದು ವಿಶ್ವಸಂಸ್ಥೆಯ ಆಯೋಗದ ಉಪಸಮಿತಿಯ ಆಸ್ಪಿಸಸ್‌ನಲ್ಲಿ. ಇದನ್ನು 'ಆಶ್ರಯದಲ್ಲಿ' ಅಂದರೆ ಎರಡು ದೇಶಗಳು ಹೋಗಿ ಮೊರೆ ಬಿದ್ದ ಹಾಗೆ ಕೇಳಿಸುತ್ತದೆ. ಇಂಥ ಕಡೆ ನಾನು 'ಉಸ್ತುವಾರಿಯಲ್ಲಿ' ಅಂತ ಹಾಕುತ್ತೇನೆ. ಜಿಲ್ಲಾ ಉಸ್ತುವಾರಿ ಸಚಿವರು ಅಂತ ದಿನಾ ಓದುವ ಜನಕ್ಕೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

'ಆಸ್ಪಿಶಸ್' ಕಡೆ ಇಷ್ಟು ಜಂಜಾಟ ಇಲ್ಲ. ಕ್ರಿಕೆಟ್ ವರದಿಯಲ್ಲಿ ಬಂದರೆ 'ಶುಭಾರಂಭ', ಭಾಷಣದಲ್ಲಿ ಬಂದರೆ 'ಈ ಶುಭ ಸಂದರ್ಭ'. ಅದರ ವಿರುದ್ಧ ಪದಕ್ಕೆ ಮಾತ್ರ ಎಚ್ಚರ ಬೇಕು. 'ಅಪಶಕುನ' ಅಂತ ಬರೆಯಲು ಬೆಕ್ಕೋ ಹಲ್ಲಿಯೋ ಏನಾದರೂ ಒಂದು ಶಕುನ ನಿಜಕ್ಕೂ ಎದುರಾಗಿರಬೇಕು. ಮೊದಲ ದಿನವೇ ಷೇರು ಬಿತ್ತು ಅನ್ನುವುದಕ್ಕೆ 'ಆರಂಭ ಚೆನ್ನಾಗಿರಲಿಲ್ಲ' ಸಾಕು.

ಇನ್ನು ಮದುವೆ ಕಾಗದ. ರೋಮಿನಲ್ಲಿ ಮದುವೆಗೂ ಒಬ್ಬ 'ಔಸ್ಪೆಕ್ಸ್' ಇರುತ್ತಿದ್ದ. ಮೊದಲು ಅವನು ಶಕುನ ನೋಡುವವನು. ತನ್ನ ಕಾಲಕ್ಕೆ ಶಕುನ ನೋಡುವುದು ಹೋಗಿ ಹೆಸರು ಮಾತ್ರ ಉಳಿದಿದೆ ಅಂತ ರೋಮಿನ ವಾಗ್ಮಿ ಸಿಸೆರೊ ಬರೆಯುತ್ತಾನೆ. ಮನೆಗೆ ಬೇಕಾದ ಹಿರಿಯನೊಬ್ಬ ಆ ಹೆಸರಿನಲ್ಲಿ ಸಾಕ್ಷಿಯಾಗಿ ನಿಲ್ಲುತ್ತಿದ್ದ. ನಮ್ಮ ಲಗ್ನಪತ್ರಿಕೆಯಲ್ಲಿ ಶುಭವನ್ನು ಮುಹೂರ್ತ ನೋಡಿಕೊಳ್ಳುತ್ತದೆ, ಯಾಜಮಾನ್ಯವನ್ನು 'ಗುರುಹಿರಿಯರು ನಿಶ್ಚಯಿಸಿರುವಂತೆ' ಅನ್ನುವ ಸಾಲು ನೋಡಿಕೊಳ್ಳುತ್ತದೆ. ಹೊರದೇಶದಲ್ಲಿರುವ ಮಕ್ಕಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಪತ್ರಿಕೆಯಲ್ಲಿ ಈ ಸಾಲು ಇಲ್ಲದಿದ್ದರೆ, ಸೇರಿಸಲೇ ಅಂತ ಅವರನ್ನು ಕೇಳಿಕೊಳ್ಳುತ್ತೇನೆ. ಬಹುತೇಕ ಎಲ್ಲರೂ 'ಹಾಕಿ, ಅಮ್ಮನಿಗೆ ಇಷ್ಟವಾಗುತ್ತೆ' ಅನ್ನುತ್ತಾರೆ.